ಉಬ್ಬು, ತಗ್ಗು, ನೆರಳು: ಶಾಸನಶಿಲೆಗಳ ತೆರೆಚಿತ್ರಗಳಿಗೊಂದು ಮಟ್ಟದ ನಿಯಮ

ಶಿಲಾಶಾಸನವನ್ನು ಓದುವುದೆಂದರೆ ವಸ್ತುತಃ ನೆರಳನ್ನು ಓದುವುದು. ಕಾಗದದ ಮೇಲಿನ ಅಕ್ಷರಕ್ಕೆ ಮಸಿಯ ಬಣ್ಣವುಂಟು. ಕಲ್ಲಿನ ಮೇಲಿನ ಅಕ್ಷರಕ್ಕೆ ತನ್ನದೆಂಬ ಬಣ್ಣವಿಲ್ಲ. ಉಳಿಯು ಕೊರೆದ ತಗ್ಗಿನ ಒಂದು ದಂಡೆಯಲ್ಲಿ ಬೆಳಕು ನಿಂತು ಇನ್ನೊಂದು ದಂಡೆಯಲ್ಲಿ ಕತ್ತಲೆ ಕೂತಾಗ ಮಾತ್ರ ಅದು ನಮಗೆ ಅಕ್ಷರವಾಗಿ ತೋರುತ್ತದೆ. ಬೆಳಕು ಬದಲಾದರೆ ಅಕ್ಷರವೂ ಬದಲಾಗುವಂತೆ ಕಾಣುತ್ತದೆ. ಕ್ಷೇತ್ರದಲ್ಲಿ ಕೆಲಸಮಾಡಿದವರಿಗೆ ಈ ಸಂಗತಿ ಹೊಸದಲ್ಲ. ಆದರೆ ಈಚೆಗೆ ಶಾಸನಗಳನ್ನು ಕಲ್ಲಿನ ಮುಂದೆ ನಿಂತು ಓದುವವರಿಗಿಂತ ಗಣಕಯಂತ್ರದ ಅಥವಾ ಮೊಬೈಲಿನ ತೆರೆಯ ಮೇಲೆ ಓದುವವರೇ ಹೆಚ್ಚಾಗುತ್ತಿರುವುದರಿಂದ, ತೆರೆಯ ಮೇಲಣ ನೆರಳಿಗೂ ಎತ್ತರಕ್ಕೂ ಒಂದು ನಿಯತವಾದ ನಿಯಮ ಇರಬೇಕೆ, ಇರುವುದಾದರೆ ಅದು ಹೇಗಿರಬೇಕು ಎಂಬ ಪ್ರಶ್ನೆ ಚರಿತ್ರೆಯ ಅಧ್ಯಾಪಕರನ್ನೂ ತಟ್ಟಿದೆ. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಯನ್ನು ನಮ್ಮ ಸಮೀಪದ ತಾಲ್ಲೂಕುಗಳ ಶಿಲೆಗಳನ್ನು ಮುಂದಿಟ್ಟುಕೊಂಡು ವಿಚಾರಿಸಲು ಯತ್ನಿಸಿದ್ದೇವೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ೧೯೮೬ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದುವು. ಅದಕ್ಕೆ ಬಹು ಹಿಂದೆಯೇ ಬಿ. ಎಲ್. ರೈಸ್ ಅವರು ಹಳೆಯ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಆ ಸಂಪುಟದಲ್ಲಿವೆ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗ ದೊರೆ ಶ್ರೀಪುರುಷನ ಕಾಲದ ಮಾನ್ಯಪುರವೆಂಬುದನ್ನು ವಾಚಕರು ಬಲ್ಲರು. ಗಂಗರಿಂದ ಮೊದಲ್ಗೊಂಡು ಚೋಳ, ಹೊಯ್ಸಳ, ವಿಜಯನಗರದ ಕಾಲಗಳವರೆಗೆ, ಆಮೇಲೆ ಆವತಿಯ ನಾಡಪ್ರಭುಗಳ ಕಾಲದವರೆಗೂ, ಈ ನೆಲದಲ್ಲಿ ಕಲ್ಲಿನ ಮೇಲೆ ಬರೆಯಿಸುವ ಪದ್ಧತಿ ತಪ್ಪಲಿಲ್ಲ. ಕೆರೆಯ ಏರಿ, ಹೊಲದ ಬದು, ಊರ ಮುಂದಣ ಅರಳಿಕಟ್ಟೆ, ದೇವಾಲಯದ ಅಧಿಷ್ಠಾನ, ಇವೇ ನಮ್ಮ ಶಾಸನಗಳ ಸ್ಥಾನಗಳು. ೨೦೦೮ರಲ್ಲಿ ದೇವನಹಳ್ಳಿಯ ಸಮೀಪದಲ್ಲಿ ವಿಮಾನ ನಿಲ್ದಾಣ ತೆರೆದಮೇಲೆ ಬದುಗಳೂ ಏರಿಗಳೂ ಬಡಾವಣೆಗಳಾಗಿ ಮಾರ್ಪಡುತ್ತಿರುವ ವೇಗವನ್ನು ಕಂಡವರಿಗೆ, ಕಲ್ಲು ಹೋದಮೇಲೆ ಉಳಿಯುವುದು ಅದರ ಚಿತ್ರವೊಂದೇ ಎಂಬ ಮಾತಿನ ಭಾರ ತಿಳಿದಿದೆ. ಆ ಚಿತ್ರವು ತಪ್ಪಾಗಿದ್ದರೆ ತಿದ್ದಲು ಮತ್ತೆ ಹೋಗಿ ನೋಡುವ ಅವಕಾಶವೇ ಇರುವುದಿಲ್ಲ.

ಚಿತ್ರದಿಂದ ಎಂಥ ತಪ್ಪು ಸಂಭವಿಸಬಹುದೆಂಬುದಕ್ಕೆ ನಮ್ಮದೇ ಒಂದು ಪ್ರಸಂಗವನ್ನು ಹೇಳುವುದು ಅನುಚಿತವಾಗಲಾರದು. ಹೊಸಕೋಟೆ ತಾಲ್ಲೂಕಿನ ಒಂದು ಗ್ರಾಮದಲ್ಲಿ, ಕೆರೆಯ ಏರಿಯ ಮೇಲೆ, ತಲೆಯನ್ನು ಪೂರ್ವಕ್ಕೆ ಮಾಡಿ ಅಂಗಾತ ಬಿದ್ದಿದ್ದ ಒಂದು ಶಾಸನದ ಕಲ್ಲನ್ನು ವಿದ್ಯಾರ್ಥಿಗಳೊಡನೆ ಚಿತ್ರಿಸಿಕೊಂಡೆವು. ಕಲ್ಲು ಉದ್ದವಾಗಿದ್ದುದರಿಂದ ಮೇಲರ್ಧವನ್ನು ಬೆಳಿಗ್ಗೆ ತೆಗೆದೆವು. ಅಷ್ಟರಲ್ಲಿ ಕೆಳಭಾಗವನ್ನು ಮುಚ್ಚಿದ್ದ ಮಣ್ಣನ್ನು ಸರಿಸಬೇಕಾಗಿ ಬಂದು, ಅದನ್ನು ತೊಳೆದು ಒಣಗಿಸುವ ಹೊತ್ತಿಗೆ ಸಂಜೆಯಾಯಿತು. ಕೆಳಗಿನರ್ಧವನ್ನು ಇಳಿಬಿಸಿಲಿನಲ್ಲಿ ತೆಗೆದು, ಎರಡನ್ನೂ ಗಣಕದಲ್ಲಿ ಜೋಡಿಸಿ ಒಂದೇ ಚಿತ್ರ ಮಾಡಿದೆವು. ನೋಡುವುದಕ್ಕೆ ಬಹು ಚೆನ್ನಾಗಿತ್ತು. ಕೆಳಗಿನ ಸಾಲೊಂದರಲ್ಲಿ ಬಂದ ಒಂದು ಹೆಸರಿನ ನಡುವಣ ಅಕ್ಷರವನ್ನು ಎಲ್ಲರೂ ಷಕಾರವೆಂದೇ ಓದಿದರು, ನಾವೂ ಒಪ್ಪಿದೆವು. ಆ ಹೆಸರು ಯಾವ ಅರ್ಥಕ್ಕೂ ಸರಿಹೊಂದದೆ ಕೆಲವು ತಿಂಗಳು ನಮ್ಮನ್ನು ಕಾಡಿತು.

ಆದುದು ಇಷ್ಟೇ. ಹಳಗನ್ನಡ ಲಿಪಿಯಲ್ಲಿ ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಳಗಿನ ಒಂದು ಅಡ್ಡಗೆರೆ. ಕಲ್ಲಿನ ಆ ಭಾಗದಲ್ಲಿ ಬಿಳಿಯ ಗಟ್ಟಿಕಲ್ಲಿನ ಒಂದು ಎಳೆ ಸುತ್ತಲಿನ ಕಲ್ಲು ಸವೆದಮೇಲೆ ಕೂದಲೆಳೆಯಷ್ಟು ಮೇಲೆದ್ದು ನಿಂತಿತ್ತು. ಬೆಳಗಿನ ಬೆಳಕು ಶಾಸನದ ತಲೆಯ ಕಡೆಯಿಂದ ಬಂದುದು. ಅದರಲ್ಲಿ ತಗ್ಗಾದ ಗೆರೆಯು ಮೇಲೆ ಕಪ್ಪು, ಕೆಳಗೆ ಬಿಳುಪು ಎಂಬ ಕ್ರಮದಲ್ಲಿ ಕಾಣುತ್ತದೆ. ಸಂಜೆಯ ಬೆಳಕು ಕಾಲಿನ ಕಡೆಯಿಂದ ಬಂದುದು. ಅದರಲ್ಲಿ ಅದೇ ಕ್ರಮವನ್ನು ತೋರಿಸುವುದು ತಗ್ಗಲ್ಲ, ಉಬ್ಬು. ಮೇಲರ್ಧದ ಅಕ್ಷರಗಳಿಗೆ ಹೊಂದಿಕೊಂಡ ನಮ್ಮ ಕಣ್ಣು ಕೆಳಗಿನರ್ಧಕ್ಕೂ ಅದೇ ಲೆಕ್ಕವನ್ನು ಹಿಡಿದು, ಉಬ್ಬಿದ ಎಳೆಯನ್ನು ಕೊರೆದ ಗೆರೆಯೆಂದು ಎಣಿಸಿತು. ಎರಡು ಚಿತ್ರಗಳಲ್ಲಿ ಒಂದೂ ಸುಳ್ಳಲ್ಲ. ಅವುಗಳನ್ನು ಒಂದೇ ನೆರಳಿನ ನಿಯಮಕ್ಕೆ ಒಳಪಡಿಸದೆ ಕೂಡಿಸಿದುದೇ ದೋಷ. ಆ ದೋಷ ನಮ್ಮದು.

ಕಣ್ಣು ಹೀಗೆ ಮೋಸಹೋಗುವುದಕ್ಕೆ ಕಾರಣವಿದೆ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ದೃಷ್ಟಿ ಹೇಳದೆಯೇ ನಂಬಿಕೊಂಡಿರುತ್ತದೆ. ಕೊರೆದ ಮುದ್ರೆಯು ಉಬ್ಬಿದ ಮುದ್ರೆಯಂತೆ ಕಾಣುವ ಚಮತ್ಕಾರವನ್ನು ಡೇವಿಡ್ ಬ್ರೂಸ್ಟರ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಚರ್ಚಿಸಿದ್ದನು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ವಿ. ಎಸ್. ರಾಮಚಂದ್ರನ್ ಅವರು ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದೃಷ್ಟಿಯು ಇಡೀ ದೃಶ್ಯಕ್ಕೆ ಒಂದೇ ಬೆಳಕಿನ ಮೂಲವನ್ನು ಕಲ್ಪಿಸಿಕೊಳ್ಳುತ್ತದೆಂದು ತೋರಿಸಿದರು. ೧೯೯೮ರಲ್ಲಿ ಸನ್ ಮತ್ತು ಪೆರೋನ ಎಂಬ ಇಬ್ಬರು ಸಂಶೋಧಕರು, ನಾವು ಕಲ್ಪಿಸುವ ಬೆಳಕು ನೇರ ಮೇಲಿನಿಂದಲ್ಲದೆ ಸ್ವಲ್ಪ ಎಡಕ್ಕೆ ವಾಲಿದ ಮೇಲಿನಿಂದ ಬರುತ್ತದೆಂಬುದನ್ನು ಕಂಡುಕೊಂಡರು. ಒಂದೇ ಮೂಲ, ಮೇಲೆ, ತುಸು ಎಡಕ್ಕೆ: ಇದು ಕಣ್ಣಿನ ಸ್ವಂತ ನಿಯಮವೆಂದು ಹೇಳಬಹುದು. ಚಿತ್ರ ಬರೆಯುವವನು ಇದನ್ನು ಮೀರಿದರೆ ಬೆಟ್ಟ ಹಳ್ಳವಾಗುತ್ತದೆ.

ಬೆಟ್ಟವೆಂದು ಹೇಳಿದುದು ಅಲಂಕಾರಕ್ಕಲ್ಲ. ಸಮತಲದ ಮೇಲೆ ಎತ್ತರವನ್ನು ನೆರಳಿನಿಂದ ತೋರಿಸುವ ಪ್ರಶ್ನೆಯನ್ನು ಮೊದಲು ಶಾಸ್ತ್ರೀಯವಾಗಿ ಬಿಡಿಸಿದವರು ಭೂಪಟಕಾರರು. ಜರ್ಮನಿಯ ಯೋಹಾನ್ ಗಿಯೋರ್ಗ್ ಲೇಮಾನ್ ೧೭೯೯ರಲ್ಲಿ ಇಳಿಜಾರು ಕಡಿದಾದಷ್ಟೂ ಗೀರುಗಳು ದಪ್ಪವಾಗಬೇಕೆಂಬ ಅಳತೆಯ ನಿಯಮವನ್ನು ಕೊಟ್ಟನು. ಅವನ ಬೆಳಕು ನೆತ್ತಿಯ ಮೇಲಿನದು. ಅದೇ ಕಾಲದಲ್ಲಿ, ಅಂದರೆ ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಯಲಿನಲ್ಲಿ ತನ್ನ ಮೊದಲ ಆಧಾರರೇಖೆಯನ್ನು ಅಳೆಯುತ್ತಿದ್ದನೆಂಬುದು ನಮಗೆ ಆಸಕ್ತಿಯ ವಿಷಯ. ೧೮೪೫ರಿಂದ ೧೮೬೫ರವರೆಗೆ ಪ್ರಕಟವಾದ ಸ್ವಿಟ್ಜರ್ಲೆಂಡಿನ ದ್ಯೂಫೂರ್ ಭೂಪಟದಲ್ಲಿ ಬೆಳಕನ್ನು ವಾಯವ್ಯದಿಂದ ಓರೆಯಾಗಿ ತಂದರು. ಹಾಳೆಯ ಮೇಲ್ತುದಿ ಉತ್ತರವಾದುದರಿಂದ ವಾಯವ್ಯವೆಂದರೆ ಮೇಲಿನ ಎಡಮೂಲೆ. ಕಣ್ಣು ಬಯಸುವ ದಿಕ್ಕೂ ಅದೇ. ಯೂರೋಪಿನಲ್ಲಿ ಹಗಲು ಹೊತ್ತು ವಾಯವ್ಯದಿಂದ ಬಿಸಿಲು ಬರುವುದು ಬೇಸಗೆಯ ಇಳಿಸಂಜೆಯಲ್ಲಿ ಮಾತ್ರ. ಹೀಗಾಗಿ ಆ ಭೂಪಟಗಳ ಸೂರ್ಯನು ಆಕಾಶದ ಸೂರ್ಯನಲ್ಲ, ಒಪ್ಪಂದದ ಸೂರ್ಯ. ಇಂದಿಗೂ ಭೂಮಾಹಿತಿಯ ಗಣಕ ಕ್ರಮಗಳಲ್ಲಿ ಬೆಟ್ಟದ ನೆರಳನ್ನು ಬರೆಯುವಾಗ, ನಾವು ಬೇರೆ ಹೇಳದಿದ್ದರೆ, ಬೆಳಕಿನ ದಿಕ್ಕು ೩೧೫ ಡಿಗ್ರಿ, ಎತ್ತರ ೪೫ ಡಿಗ್ರಿ ಎಂದೇ ಹಿಡಿಯಲಾಗುತ್ತದೆ. ಸರ್ವೇ ಆಫ್ ಇಂಡಿಯಾದ ೫೭ ಜಿ ಹಾಳೆಯಲ್ಲಿ ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳೂ ಅಡಗಿವೆ. ಆ ಹಾಳೆಯಲ್ಲಿ ನಂದಿಬೆಟ್ಟವೂ ಶಿವಗಂಗೆಯೂ ಸಮೋನ್ನತಿ ರೇಖೆಗಳ ದಟ್ಟಣೆಯಿಂದ ತಿಳಿಯುತ್ತವೆ. ರೇಖೆ ಅಳತೆಯನ್ನು ಕೊಡುತ್ತದೆ, ಆಕಾರವನ್ನು ಕಣ್ಣಿಗೆ ಕಟ್ಟಿಸುವುದು ನೆರಳು. ಶಾಸನಕ್ಕೆ ಈ ಎರಡೂ ಬೇಕು.

ಹಳೆಯ ಪದ್ಧತಿಯಾದ ಪಡಿಯಚ್ಚನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಗುಣವೂ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ. ಒದ್ದೆಯ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು ತಗ್ಗುಗಳಿಗೆ ಇಳಿಸಿ, ಮೇಲೆ ಮಸಿಯ ಉಂಡೆಯಿಂದ ತಟ್ಟಿದಾಗ, ಮೈಯೆಲ್ಲ ಕಪ್ಪಾಗಿ ಅಕ್ಷರ ಬಿಳಿದಾಗಿ ಉಳಿಯುತ್ತದೆ. ಅಲ್ಲಿ ನೆರಳಿಗೆ ಸ್ಥಾನವಿಲ್ಲ. ದಿಕ್ಕಿನ ಗೊಂದಲವೂ ಇಲ್ಲ. ಆದರೆ ಮಟ್ಟಗಳು ಎರಡೇ: ಮಸಿ ತಾಗಿದ್ದು, ತಾಗದ್ದು. ಅನುಸ್ವಾರದ ಬೊಟ್ಟು ಎರಡು ಮಿಲಿಮೀಟರ್ ಆಳದ್ದಾಗಿ ಅದರ ಪಕ್ಕದ ಚಕ್ಕೆಯೆದ್ದ ಗುಂಡಿ ಅರ್ಧ ಮಿಲಿಮೀಟರಿನದಾದರೂ ಪಡಿಯಚ್ಚಿನಲ್ಲಿ ಎರಡೂ ಒಂದೇ ಬಿಳಿ ಚುಕ್ಕೆ. ಇಷ್ಟಾದರೂ ನೂರು ವರ್ಷಕ್ಕೂ ಮಿಕ್ಕು ನಮ್ಮ ಶಾಸನಶಾಸ್ತ್ರ ನಿಂತಿರುವುದು ಈ ಕಾಗದಗಳ ಮೇಲೆಯೇ ಎಂಬುದನ್ನು ಮರೆತು ಅದನ್ನು ಹಳತೆಂದು ಹೀಯಾಳಿಸುವವರೊಡನೆ ನಮಗೆ ಸಹಮತವಿಲ್ಲ. ಅಕ್ಷರಗಳಿಗೆ ಸೀಮೆಸುಣ್ಣ ತುಂಬಿ ಚಿತ್ರ ತೆಗೆಯುವ ರೂಢಿಯನ್ನು ಮಾತ್ರ ಬಿಡಲೇಬೇಕು. ಅದು ಕಲ್ಲನ್ನು ತೋರಿಸುವುದಿಲ್ಲ, ಸುಣ್ಣ ತುಂಬಿದವನ ಊಹೆಯನ್ನು ತೋರಿಸುತ್ತದೆ.

ಇನ್ನು ಓರೆಬೆಳಕಿನ ಲೆಕ್ಕವನ್ನು ನೋಡೋಣ. ತಗ್ಗಿನ ದಂಡೆ ಎಷ್ಟು ಎತ್ತರವೋ ಅದನ್ನು ಬೆಳಕಿನ ಕೋನದ ಸ್ಪರ್ಶಜ್ಯೆಯಿಂದ ಭಾಗಿಸಿದರೆ ಬೀಳುನೆರಳಿನ ಉದ್ದ ಸಿಕ್ಕುತ್ತದೆ. ಮೂರು ಮಿಲಿಮೀಟರ್ ಆಳದ ಅಕ್ಷರದಲ್ಲಿ, ಕಲ್ಲಿನ ಮೈಗೆ ೪೫ ಡಿಗ್ರಿಯ ಬೆಳಕು ಮೂರು ಮಿಲಿಮೀಟರ್ ನೆರಳನ್ನೂ, ೩೦ ಡಿಗ್ರಿಯ ಬೆಳಕು ಸುಮಾರು ೫.೨ ಮಿಲಿಮೀಟರ್ ನೆರಳನ್ನೂ, ೧೫ ಡಿಗ್ರಿಯ ಬೆಳಕು ಸುಮಾರು ೧೧.೨ ಮಿಲಿಮೀಟರ್ ನೆರಳನ್ನೂ ಕೊಡುತ್ತವೆ. ಆಳವಾದ ಅಕ್ಷರಕ್ಕೆ ೧೫ ಡಿಗ್ರಿ ಅತಿಯಾಯಿತು. ಗೆರೆಯ ಅಗಲವನ್ನೆಲ್ಲ ನೆರಳು ನುಂಗಿ ತಗ್ಗಿನ ತಳವೇ ಕಾಣದು. ಸವೆದ ಅಕ್ಷರಕ್ಕಾದರೋ ಅದಕ್ಕಿಂತ ಕಡಿಮೆಯ ಕೋನವೂ ಬೇಕಾಗಬಹುದು. ಆದುದರಿಂದ ಒಂದೇ ಕೋನ ಎಲ್ಲ ಕಲ್ಲುಗಳಿಗೂ ಒದಗದು. ಯಾವ ಕೋನವೆಂಬುದನ್ನು ಚಿತ್ರದೊಡನೆ ದಾಖಲಿಸುವುದೇ ಮುಖ್ಯ.

ಶಾಸನಚಿತ್ರವನ್ನು ಬೆಳಿಗ್ಗೆ ಅಥವಾ ಸಂಜೆ ತೆಗೆಯಬೇಕು, ಮಧ್ಯಾಹ್ನ ಕೂಡದು ಎಂಬ ಮಾತು ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದೆ. ಇದು ಅರ್ಧ ಸತ್ಯ. ನೆಲದ ಮೇಲೆ ಅಂಗಾತ ಬಿದ್ದ ಕಲ್ಲಿಗೆ ಅದು ಸರಿ. ಪೂರ್ವಾಭಿಮುಖವಾಗಿ ನೆಟ್ಟಗೆ ನಿಂತ ಕಲ್ಲಿಗೆ ಸೂರ್ಯೋದಯದ ಬೆಳಕು ಎದುರಿನಿಂದಲೇ ಬೀಳುವುದರಿಂದ ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ. ವಿಷುವದ ದಿನಗಳಲ್ಲಿ ಅದಕ್ಕೆ ೧೫ ಡಿಗ್ರಿಯ ಓರೆಬೆಳಕು ಬೀಳುವುದು ಸೂರ್ಯನ ಕಾಲಮಾನದಂತೆ ಹನ್ನೊಂದು ಗಂಟೆಗೆ. ನಮ್ಮ ಗಡಿಯಾರಗಳು ಬೆಂಗಳೂರಿನ ಸ್ಥಳೀಯ ಕಾಲಕ್ಕಿಂತ ಸುಮಾರು ೨೦ ನಿಮಿಷ ಮುಂದಿರುವುದರಿಂದ ಅದು ಹೆಚ್ಚುಕಡಮೆ ೧೧-೨೦ ಆಗುತ್ತದೆ. ಆ ಬೆಳಕು ಮೇಲಿನಿಂದಲೇ ಬರುವುದರಿಂದ ಉಬ್ಬುತಗ್ಗುಗಳು ತಲೆಕೆಳಗಾಗುವ ಭಯವಿಲ್ಲ. ಉತ್ತರಾಭಿಮುಖವಾದ ಕಲ್ಲು ವರ್ಷದ ಬಹುಕಾಲ ನೆರಳಿನಲ್ಲಿದ್ದು ಓದಲು ಒದಗದೆಂದು ಬಿಟ್ಟುಬಿಡುವುದುಂಟು. ಆದರೆ ನಮ್ಮ ೧೩ ಡಿಗ್ರಿ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯನು ಪೂರ್ವಕ್ಕಿಂತ ಸುಮಾರು ೨೪ ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ಆ ಕಲ್ಲಿನ ಮೈಗೆ ೨೪ ಡಿಗ್ರಿಯ ಓರೆಯಲ್ಲಿ, ಓದುವವನ ಎಡಗೈ ಕಡೆಯಿಂದ, ಬೆಳಕು ಹರಿಯುತ್ತದೆ. ಮಳೆಗಾಲದ ಮೋಡ ಅಡ್ಡ ಬಾರದಿದ್ದರೆ ಅದಕ್ಕಿಂತ ಒಳ್ಳೆಯ ಬೆಳಕನ್ನು ಬಯಸಬೇಕಾಗಿಲ್ಲ.

ಬೆಳಕಿನ ದಿಕ್ಕಿನಲ್ಲಿಯೇ ಹರಿದ ಗೆರೆಗೆ ನೆರಳಿಲ್ಲವೆಂಬುದು ಇನ್ನೊಂದು ತೊಡಕು. ಎಡದಿಂದ ಬಂದ ಬೆಳಕು ಲಂಬವಾದ ಗೆರೆಗಳನ್ನು ಎತ್ತಿ ತೋರಿಸಿ ಅಡ್ಡಗೆರೆಗಳನ್ನು ಮರೆಸುತ್ತದೆ. ಮೇಲಿನಿಂದ ಬಂದುದು ಇದಕ್ಕೆ ವಿಪರೀತ. ಕೋನಗಳುಳ್ಳ ಲಿಪಿಗೆ ಇದು ಅಷ್ಟಾಗಿ ಬಾಧಿಸದು. ದುಂಡನೆಯ ಕನ್ನಡ ಲಿಪಿಗಾದರೋ ಪ್ರತಿಯೊಂದು ಅಕ್ಷರದ ಬಳಸಿನಲ್ಲೂ ಯಾವುದಾದರೊಂದು ತುಂಡು ಬೆಳಕಿಗೆ ಸಮಾನಾಂತರವಾಗಿ ಬಂದೇ ಬರುತ್ತದೆ. ದುಂಡಗಿನ ಅಕ್ಷರದ ಕಂಡಿ ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ ಓದು ನಿಂತಿರುವಲ್ಲಿ, ಆ ತುಂಡೇ ಮರೆಯಾದರೆ ಗತಿಯೇನು? ಒಂದು ಬೆಳಕಿನ ಒಂದು ಚಿತ್ರದಿಂದ ಕನ್ನಡ ಶಾಸನವನ್ನು ಸಂಪೂರ್ಣವಾಗಿ ಓದಿದೆವೆಂದು ಹೇಳುವುದು ಸಾಹಸವೆಂದೇ ನಮ್ಮ ಅಭಿಪ್ರಾಯ.

ಇಲ್ಲಿಗೆ ಹೊಸ ಉಪಕರಣಗಳ ಪ್ರವೇಶ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಯೋಜನೆಯನ್ನು ಆರಂಭಿಸಿತು. ಸ್ಕ್ಯಾನರು ಕಲ್ಲಿನ ಮೈಯ ಅಸಂಖ್ಯ ಬಿಂದುಗಳ ಸ್ಥಾನವನ್ನು ಮಿಲಿಮೀಟರಿನ ಅಂಶದವರೆಗೆ ಅಳೆದಿಡುತ್ತದೆ. ನಮ್ಮ ಪ್ರಾಂತದ ಕಲ್ಲು ಕರಿ ಬಿಳಿ ಹರಳುಗಳು ಬೆರೆತ ಗ್ರಾನೈಟು ಮತ್ತು ನೈಸು. ಹೊಯ್ಸಳ ದೇವಾಲಯಗಳ ಬಳಪದ ಕಲ್ಲಿನ ನುಣುಪು ಇದಕ್ಕಿಲ್ಲ. ಛಾಯಾಚಿತ್ರದಲ್ಲಿ ಕರಿಯ ಹರಳು ನೆರಳಿನಂತೆಯೂ, ಕಲ್ಲುಹೂವಿನ ಕಲೆ ಗೆರೆಯಂತೆಯೂ ತೋರಿ ಓದುಗನನ್ನು ದಾರಿತಪ್ಪಿಸುತ್ತವೆ. ಸ್ಕ್ಯಾನಿನ ಚಿತ್ರದಿಂದ ಬಣ್ಣವನ್ನು ತೆಗೆದುಹಾಕಿ ಆಕಾರವೊಂದನ್ನೇ ಉಳಿಸಿಕೊಳ್ಳಬಹುದು. ಬೇಕಾದ ದಿಕ್ಕಿನಿಂದ ಬೇಕಾದ ಕೋನದ ಬೆಳಕನ್ನು ತೆರೆಯ ಮೇಲೆಯೇ ಬೀಳಿಸಬಹುದು. ಇದು ಸಣ್ಣ ಲಾಭವಲ್ಲ.

ಆದರೆ ಸ್ವಾತಂತ್ರ್ಯ ಹೆಚ್ಚಿದಷ್ಟೂ ನಿಯಮದ ಅವಶ್ಯಕತೆಯೂ ಹೆಚ್ಚುತ್ತದೆ. ಏರಿಯ ಮೇಲಿನ ಸೂರ್ಯನು ನಮ್ಮ ಇಚ್ಛೆಗೆ ಒಳಪಟ್ಟವನಲ್ಲ. ತೆರೆಯ ಸೂರ್ಯನು ಬೆರಳ ತುದಿಯಲ್ಲಿದ್ದಾನೆ. ಒಬ್ಬನು ಬಲಗಡೆಯ ಬೆಳಕಿನಲ್ಲಿ, ಎತ್ತರವನ್ನು ಐದು ಪಟ್ಟು ಹಿಗ್ಗಿಸಿದ ಚಿತ್ರವನ್ನು ಮುದ್ರಿಸುತ್ತಾನೆ. ಮತ್ತೊಬ್ಬನು ಎಡಗಡೆಯ ಬೆಳಕಿನಲ್ಲಿ ಹಿಗ್ಗಿಸದ ಚಿತ್ರವನ್ನು. ಇಬ್ಬರೂ ತಮ್ಮ ನಿಯಮವನ್ನು ಬರೆಯದಿದ್ದರೆ ಮೂರನೆಯವನು ಆ ಎರಡನ್ನು ಹೋಲಿಸಿ ಲಿಪಿಯ ಕಾಲವನ್ನು ನಿರ್ಣಯಿಸಹೊರಟಾಗ ಏನಾಗುತ್ತದೆಂಬುದನ್ನು ಊಹಿಸಬಹುದು. ಉಳಿಯ ಆಳವೂ ಗೆರೆಯ ದಪ್ಪವೂ ಲಿಪಿಶಾಸ್ತ್ರದ ಸಾಕ್ಷಿಗಳೇ ಅಲ್ಲವೆ?

ತೆರೆಯ ಮೇಲಿನ ಎತ್ತರವನ್ನು ನಿಯಮಕ್ಕೆ ಒಳಪಡಿಸುವ ಕೆಲಸವನ್ನು ಗಣಕದ ಮುಖಪುಟಗಳನ್ನು ರಚಿಸುವವರು ನಮಗಿಂತ ಮುಂಚೆ ಮಾಡಿದ್ದಾರೆ. ಅವರಿಂದ ಕಲಿಯಲು ಸಂಕೋಚಪಡಬೇಕಾದುದಿಲ್ಲ. ೧೯೯೦ರ ವಿಂಡೋಸ್ ಮೂರನೆಯ ಆವೃತ್ತಿಯಲ್ಲಿ ಒತ್ತುಗುಂಡಿಗಳ ಮೇಲಂಚು ಎಡಂಚುಗಳು ಬಿಳುಪಾಗಿಯೂ ಕೆಳಂಚು ಬಲಂಚುಗಳು ಕಪ್ಪಾಗಿಯೂ ಇದ್ದುವು. ಒತ್ತಿದಾಗ ಆ ಕ್ರಮ ತಿರುಗುತ್ತಿತ್ತು. ಎರಡು ಗೆರೆಗಳ ಬಣ್ಣ ಅದಲುಬದಲಾದ ಮಾತ್ರಕ್ಕೆ ಉಬ್ಬು ತಗ್ಗಾಯಿತು: ಏರಿಯ ಮೇಲೆ ನಮ್ಮನ್ನು ಮೋಸಗೊಳಿಸಿದ ನಿಯಮವೇ ಇಲ್ಲಿ ಸೇವಕನಾಗಿ ದುಡಿಯಿತು. ಮುಂದೆ ೨೦೧೪ರಲ್ಲಿ ಗೂಗಲ್ ಸಂಸ್ಥೆಯು ಮೆಟೀರಿಯಲ್ ಡಿಸೈನ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ, ತೆರೆಯ ಪ್ರತಿಯೊಂದು ಭಾಗವೂ ಒಂದು ತೆಳು ಹಾಳೆಯೆಂದೂ, ಆ ಹಾಳೆ ತಳದಿಂದ ಎಷ್ಟು ಮೇಲಿದೆಯೆಂಬುದಕ್ಕೆ ಒಂದು ಅಂಕಿಯುಂಟೆಂದೂ ಗೊತ್ತುಮಾಡಿದರು. ಅಳತೆಯ ಮಾನ ಡಿಪಿ. ಒಂದು ಅಂಗುಲದ ೧೬೦ನೆಯ ಒಂದು ಭಾಗ. ಮೇಲಿನ ಪಟ್ಟಿಗೆ ೪, ಆಯ್ಕೆಯ ಪಟ್ಟಿಗೆ ೮, ಪಕ್ಕದಿಂದ ಸರಿದುಬರುವ ಫಲಕಕ್ಕೆ ೧೬, ಉತ್ತರ ಬೇಡುವ ಸಂವಾದಪೆಟ್ಟಿಗೆಗೆ ೨೪. ಬೆಳಕುಗಳು ಎರಡು: ದಿಕ್ಕುಳ್ಳ ಮುಖ್ಯ ಬೆಳಕು, ಎಲ್ಲೆಡೆಯಿಂದಲೂ ಬರುವ ಮಂದ ಬೆಳಕು. ಎತ್ತರ ಹೆಚ್ಚಿದಂತೆ ನೆರಳು ಹಿರಿದಾಗುತ್ತದೆ, ಅಂಚು ಮಸುಕಾಗುತ್ತದೆ. ಬೇಕಾದವರು ಬೇಕಾದ ನೆರಳನ್ನು ಕೈಯಾರೆ ಬರೆಯುವುದನ್ನು ಬಿಟ್ಟು, ಅಂಕಿಯೊಂದನ್ನು ಹೇಳಿದರೆ ನೆರಳು ತಾನಾಗಿ ಗೊತ್ತಾಗುವ ವ್ಯವಸ್ಥೆಯಿದು. ೨೦೨೧ರಲ್ಲಿ ಬಂದ ಮೂರನೆಯ ಪರಿಷ್ಕರಣದಲ್ಲಿ ಈ ಅಂಕಿಗಳನ್ನು ಸೊನ್ನೆಯಿಂದ ಐದರವರೆಗಿನ ಆರು ಮಟ್ಟಗಳಿಗೆ ಇಳಿಸಿದರು. ಅವುಗಳ ಎತ್ತರ ಕ್ರಮವಾಗಿ ೦, ೧, ೩, ೬, ೮ ಮತ್ತು ೧೨ ಡಿಪಿ. ಮಟ್ಟಗಳ ಅಂತರ ಸಮವಲ್ಲವೆಂಬುದನ್ನು ಗಮನಿಸಬೇಕು. ಕಣ್ಣು ಬೇರ್ಪಡಿಸಿ ಗುರುತಿಸಬಲ್ಲ ಮಟ್ಟಗಳು ಕೆಲವೇ. ಹೆಚ್ಚು ಮಟ್ಟಗಳನ್ನು ಕಲ್ಪಿಸಿದರೆ ಅವು ರಚಿಸಿದವನಿಗೆ ಮಾತ್ರ ತಿಳಿಯುತ್ತವೆ.

ಕಪ್ಪು ಹಿನ್ನೆಲೆಯ ಮೇಲೆ ನೆರಳು ಕಾಣದು. ಇದನ್ನು ಕಂಡುಕೊಂಡು ೨೦೧೯ರ ಸೂಚನೆಗಳಲ್ಲಿ, ಕಪ್ಪು ತೆರೆಯಲ್ಲಿ ಹಾಳೆ ಮೇಲೇರಿದಷ್ಟೂ ಅದರ ಮೈಯನ್ನು ಬೆಳ್ಳಗೆ ಮಾಡಬೇಕೆಂದು ಹೇಳಿದರು. ಸ್ಕ್ಯಾನಿನ ಚಿತ್ರಗಳನ್ನು ಕಪ್ಪು ತೆರೆಯ ಮೇಲೆ ಕಡುಬೂದಿಯ ಬಣ್ಣದಲ್ಲಿ ಪ್ರದರ್ಶಿಸುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಅಂಥ ಚಿತ್ರಗಳಲ್ಲಿ ತಗ್ಗಿನ ಅರ್ಧ ಭಾಗ ಹಿನ್ನೆಲೆಯೊಳಗೆ ಕರಗಿಹೋಗುತ್ತದೆ.

ಹಾಗೆಂದು ಆ ನಿಯಮವನ್ನು ಇದ್ದಂತೆಯೇ ಕಲ್ಲಿಗೆ ತೊಡಿಸಲಾಗದು. ತೆರೆಯ ಹಾಳೆಯ ಎತ್ತರ ನಾವು ಕೊಟ್ಟದ್ದು. ಕಲ್ಲಿನ ಎತ್ತರ ನಾವು ಅಳೆದದ್ದು. ತೆರೆಯ ಹಾಳೆಯಲ್ಲಿ ಎತ್ತರವು ಪ್ರಾಶಸ್ತ್ಯದ ಗುರುತು; ವೀರಗಲ್ಲಿನಲ್ಲಿ ಹಾಗಲ್ಲ. ಅಲ್ಲಿ ವೀರನ ಹಿರಿಮೆ ತಿಳಿಯುವುದು ಸಾಮಾನ್ಯವಾಗಿ ಗಾತ್ರದಿಂದ. ಮೂರು ಅಂತಸ್ತಿನ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ ಲಿಂಗದ ಸನ್ನಿಧಿ ಇರುವುದು ವಾಚಕರಿಗೆ ಪರಿಚಿತ. ಆ 'ಮೇಲೆ' ಎಂಬುದು ಸ್ಥಾನದ ಮೇಲೆಯೇ ಹೊರತು ಮೈಯಿಂದ ಹೊರಚಾಚಿದ ಎತ್ತರವಲ್ಲ. ಈ ಎರಡು ಅರ್ಥಗಳನ್ನು ಬೆರೆಸಿ ಬರೆದ ವಿವರಣೆಗಳನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಪದೇ ಪದೇ ಕಾಣುತ್ತಿದ್ದೇವೆ. ನೆರಳಿನ ಮಸುಕೂ ಹಾಗೆಯೇ. ಸೂರ್ಯನ ಬಿಂಬ ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ ಒಂದು ಮೀಟರ್ ದೂರದ ವಸ್ತುವಿನ ನೆರಳಂಚು ಸುಮಾರು ಒಂಬತ್ತು ಮಿಲಿಮೀಟರ್ ಮಸುಕಾಗುತ್ತದೆ. ಸೂರಿನ ನೆರಳನ್ನು ಅಂಗಳದಲ್ಲಿ ನೋಡಿದರೆ ತಿಳಿಯುತ್ತದೆ. ಮೂರು ಮಿಲಿಮೀಟರ್ ತಗ್ಗಿನಲ್ಲಿ ಆ ಮಸುಕು ಲೆಕ್ಕಕ್ಕೆ ಬಾರದಷ್ಟು. ಶಾಸನದಲ್ಲಿ ಆಳವನ್ನು ಹೇಳುವುದು ನೆರಳಿನ ಉದ್ದವೊಂದೇ. ಹೀಗಿರಲು ಶಾಸನದ ತೆರೆಚಿತ್ರಕ್ಕೆ ಅಂದಕ್ಕಾಗಿ ಮಸುಕಾದ ಅಂಚಿನ ನೆರಳನ್ನು ಸೇರಿಸುವುದು ಸಲ್ಲದು.

ಸೊನ್ನೆಯ ಮಟ್ಟ ಯಾವುದು ಎಂಬುದೇ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಗಣಕದ ತೆರೆಗೆ ತಳವಿದೆ. ಹಳ್ಳಿಯ ಕಲ್ಲಿನ ಮೈ ಒಂದೆಡೆ ಉಬ್ಬಿ, ಒಂದೆಡೆ ಕುಸಿದು, ಕತ್ತಿ ಮಸೆದಲ್ಲಿ ನುಣುಪಾಗಿ, ಒಟ್ಟಿನಲ್ಲಿ ಅಕ್ಷರದ ಆಳಕ್ಕಿಂತ ಹೆಚ್ಚು ಏರಿಳಿತವುಳ್ಳದ್ದು. ಆದುದರಿಂದ ಪ್ರತಿಯೊಂದು ಬಿಂದುವಿನ ಸುತ್ತಣ ಒಂದು ವಲಯದ ಸರಾಸರಿ ಮೈಯನ್ನು ಲೆಕ್ಕಹಾಕಿ, ಅದನ್ನು ಸೊನ್ನೆಯೆಂದು ಹಿಡಿದು, ಅದರಿಂದ ತಗ್ಗನ್ನೂ ಉಬ್ಬನ್ನೂ ಅಳೆಯಬೇಕಾಗುತ್ತದೆ. ವಲಯ ತೀರ ದೊಡ್ಡದಾದರೆ ಕಲ್ಲಿನ ಏರಿಳಿತ ಹಾಗೆಯೇ ಉಳಿಯುತ್ತದೆ. ತೀರ ಚಿಕ್ಕದಾದರೆ, ಅಂದರೆ ಗೆರೆಯ ಅಗಲಕ್ಕೆ ಸಮೀಪವಾದರೆ, ಅಕ್ಷರವೇ ಸರಾಸರಿಯೊಳಗೆ ಸೇರಿ ಚಪ್ಪಟೆಯಾಗುತ್ತದೆ. ಗೆರೆಯ ಅಗಲದ ಹಲವು ಪಟ್ಟು ವಲಯವನ್ನು ಹಿಡಿಯುವುದು ಯುಕ್ತ. ಎಷ್ಟು ಹಿಡಿದೆವೆಂಬುದನ್ನು ಬರೆದಿಡುವುದು ಅದಕ್ಕಿಂತ ಯುಕ್ತ.

ನಮ್ಮ ಸೂಚನೆ ಹೀಗಿದೆ. ಶಿಲ್ಪಿಯು ಸಮಮಾಡಿದ ಮೈಯನ್ನು ಸೊನ್ನೆಯೆಂದು ಹಿಡಿದು, ಕೊರೆದ ಅಕ್ಷರಗಳನ್ನು ಅದರ ಕೆಳಗಿನ ಒಂದು ಮಟ್ಟವೆಂದೂ, ಮೇಲೆದ್ದವುಗಳಲ್ಲಿ ಅಂಚಿನ ಪಟ್ಟಿಕೆಗಳನ್ನು ಮೊದಲನೆಯ, ದೇಹಗಳನ್ನು ಎರಡನೆಯ, ದೇಹವನ್ನು ಹಾಯ್ದು ಮುಂಚಾಚಿದ ಕತ್ತಿ, ಗುರಾಣಿ, ಬಿಲ್ಲುಗಳನ್ನು ಮೂರನೆಯ ಮಟ್ಟವೆಂದೂ ಎಣಿಸಬಹುದು. ಬೇಗೂರಿನಿಂದ ಬಂದು ಬೆಂಗಳೂರಿನ 'ಸರ್ಕಾರಿ ವಸ್ತುಸಂಗ್ರಹಾಲಯ'ದಲ್ಲಿರುವ ನಾಗತ್ತರನ ವೀರಗಲ್ಲಿನಂಥ ಗುಂಪುಕಾಳಗದ ದೃಶ್ಯಕ್ಕೆ ಇನ್ನೊಂದು ಮಟ್ಟ ಬೇಕಾದೀತು. ನಮ್ಮ ತಾಲ್ಲೂಕುಗಳ ಸಾಮಾನ್ಯ ಕಲ್ಲುಗಳಿಗೆ ಇಷ್ಟು ಸಾಕು. ಚಕ್ಕೆಯೆದ್ದ ಗುಂಡಿ ಎಷ್ಟೇ ಆಳವಾಗಿರಲಿ, ಅದು ಮಟ್ಟವಲ್ಲ, ಹಾನಿ. ಅದನ್ನು ಬೇರೆ ಬಣ್ಣದಿಂದ ಗುರುತಿಸಬೇಕು. ಮುಖ್ಯ ಚಿತ್ರದ ಬೆಳಕು ಓದುವ ಅಕ್ಷರದ ಮೇಲಿನ ಎಡಮೂಲೆಯಿಂದಲೇ ಬರಲಿ. ಅದರೊಡನೆ ಮೇಲಿನ ಬೆಳಕಿನದೊಂದು, ಎಡದ ಬೆಳಕಿನದೊಂದು, ಮೇಲಿನ ಬಲಮೂಲೆಯ ಬೆಳಕಿನದೊಂದು, ಹೀಗೆ ಇನ್ನು ಮೂರು ಚಿತ್ರಗಳಿರಲಿ. ಕೆಳಗಿನ ಬೆಳಕು ಯಾವುದರಲ್ಲಿಯೂ ಬೇಡ. ಎತ್ತರವನ್ನು ಹಿಗ್ಗಿಸಿದ್ದರೆ ಎಷ್ಟು ಪಟ್ಟು ಎಂಬುದು ಚಿತ್ರದ ಅಡಿಯಲ್ಲಿಯೇ ಇರತಕ್ಕದ್ದು. ಹೇಳದೆ ಹಿಗ್ಗಿಸುವುದಕ್ಕೂ ಪಾಠವನ್ನು ತಿದ್ದುವುದಕ್ಕೂ ನಮಗೆ ವಿಶೇಷ ಭೇದ ಕಾಣುವುದಿಲ್ಲ.

ಇಷ್ಟು ಕಟ್ಟಳೆ ಏಕೆ, ಮೂಲದ ಅಳತೆಗಳೇ ಇರುವಾಗ ಯಾರಿಗೆ ಬೇಕಾದ ಬೆಳಕನ್ನು ಅವರು ಬೀರಿಕೊಳ್ಳಲಿ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಮೂಲದ ಅಳತೆಗಳನ್ನು ತೆರೆದು ನೋಡುವ ಸಾಮರ್ಥ್ಯವುಳ್ಳ ಯಂತ್ರವೂ ತರಬೇತಿಯೂ ಎಲ್ಲ ಕಾಲೇಜುಗಳಿಗೆ ದೊರೆತಾಗ ಈ ಆಕ್ಷೇಪಕ್ಕೆ ಬಲ ಬಂದೀತು. ಸದ್ಯಕ್ಕೆ ನಮ್ಮ ವಿದ್ಯಾರ್ಥಿಗಳು ನೋಡುವುದು ಒಬ್ಬರಿಂದೊಬ್ಬರಿಗೆ ಮೊಬೈಲಿನಲ್ಲಿ ಹರಿದುಬಂದ, ಅಂಚು ಕತ್ತರಿಸಿಹೋದ, ಅಡಿಟಿಪ್ಪಣಿ ಕಳೆದುಕೊಂಡ ಒಂದು ಚಿತ್ರವನ್ನು. ಆ ಚಿತ್ರದಲ್ಲಿ ಏನು ಉಳಿಯದಿದ್ದರೂ ಬೆಳಕಿನ ದಿಕ್ಕೊಂದು ಎಲ್ಲ ಕಡೆಯೂ ಒಂದೇ ಆಗಿದ್ದರೆ ಪಕಾರವು ಪಕಾರವಾಗಿಯೇ ಉಳಿಯುವ ಸಂಭವವಿದೆ.

ಹೊಸಕೋಟೆ ತಾಲ್ಲೂಕಿನ ಆ ಕಲ್ಲಿನ ಬಳಿಗೆ ಮತ್ತೆ ಹೋದೆವು. ಮೋಡ ಮುಚ್ಚಿದ ದಿನ. ಕಪ್ಪು ಛತ್ರಿಗಳ ಮರೆಯಲ್ಲಿ, ಕೈದೀಪವನ್ನು ಶಾಸನದ ತಲೆಯ ಎಡಮೂಲೆಯಲ್ಲಿ ಹಿಡಿದು, ಇಡೀ ಕಲ್ಲನ್ನು ಆರು ಭಾಗಗಳಾಗಿ ಒಂದೇ ಬೆಳಕಿನಲ್ಲಿ ಚಿತ್ರಿಸಿದೆವು. ಬೆರಳಾಡಿಸಿ ನೋಡಿದಾಗಲೂ ಆ ಎಳೆ ಉಬ್ಬಾಗಿಯೇ ಸಿಕ್ಕಿತು. ಅಕ್ಷರ ಪಕಾರವೇ. ಹೆಸರು ಈಗ ಓದಿಗೆ ಒಗ್ಗುತ್ತದೆ. ಅದರ ಕೆಳಗಿನ ಸಾಲಿನ ಕೊನೆಯ ಎರಡು ಅಕ್ಷರಗಳು ಮಾತ್ರ ನಾಲ್ಕು ದಿಕ್ಕಿನ ಬೆಳಕಿಗೂ ಸಿಕ್ಕಲಿಲ್ಲ.